ಹಾಡು ಬಿಟ್ಟುಹೋದ ತರಂಗಗಳಲ್ಲಿ ಕ್ರೀಡಾ ಹರಟೆ

ಕ್ರೀಡೆಯ ಬಗ್ಗೆ ಮಾತು, ಮಾತು, ಬರೀ ಮಾತು. ಹಾಡಿಲ್ಲ, ನಾಟಕವಿಲ್ಲ, ವಾರ್ತೆಯೂ ಇಲ್ಲವೆನ್ನುವಷ್ಟು ಕಡಿಮೆ. ಸೋತ ತಂಡದ ತರಬೇತುದಾರನನ್ನು ಬಯ್ಯುವುದಕ್ಕಾಗಿ ಫೋನ್ ಹಿಡಿದು ಕಾಯುವ ಅಪರಿಚಿತರು, ಅವರ ಬೈಗುಳಕ್ಕೆ ಮರುಬೈಗುಳ ಕೊಡುವ ನಿರೂಪಕರು, ನಡುನಡುವೆ ಕಾರು ಮತ್ತು ಬಿಯರ್ ಮಾರುವವರ ಜಾಹೀರಾತುಗಳು. ಇಷ್ಟೇ ಸರಕನ್ನು ನಂಬಿಕೊಂಡು ದಿನದ 24 ಗಂಟೆಯೂ ನಡೆಯುವ ರೇಡಿಯೊ ಕೇಂದ್ರವೊಂದು 1987ರ ಜುಲೈ 1ರ ಮಧ್ಯಾಹ್ನ 3 ಗಂಟೆಗೆ ನ್ಯೂಯಾರ್ಕ್‌ನಲ್ಲಿ ಆರಂಭವಾಯಿತು. ಡಬ್ಲ್ಯುಎಫ್‌ಎಎನ್ ಎಂಬ ಆ ಕೇಂದ್ರವನ್ನು ಊರಿನವರು ‘ದ ಫ್ಯಾನ್’ ಎಂದೇ ಕರೆದರು. ಆ ಕಾಲದಲ್ಲಿ ಹರೆಯದಲ್ಲಿದ್ದ ಅಮೆರಿಕದ ಕ್ರೀಡಾಭಿಮಾನಿಗಳಲ್ಲಿ ಅನೇಕರು ಇಂದಿಗೂ ಪಂದ್ಯಗಳನ್ನು ನೆನೆಯುವಷ್ಟೇ ಆಸೆಯಿಂದ ಆ ಹರಟೆಯನ್ನು ನೆನೆಯುತ್ತಾರೆ.

ಆಕಾಶವಾಣಿಯ ವೀಕ್ಷಕ ವಿವರಣೆಯನ್ನು ಕೇಳಿ ಬೆಳೆದವರಿಗೆ ಇದು ತುಸು ವಿಚಿತ್ರವಾಗಿ ಕಾಣಬಹುದು. ನಮ್ಮಲ್ಲಿ ರೇಡಿಯೊ ಆಟವನ್ನು ಹೇಳುತ್ತಿತ್ತು. ಆಟ ಮುಗಿದೊಡನೆ ಕಾರ್ಯಕ್ರಮವೂ ಮುಗಿಯುತ್ತಿತ್ತು, ಮುಂದಿನದನ್ನು ಕ್ಷೌರದಂಗಡಿಯ ಬೆಂಚಿನ ಮೇಲೆ ಕೂತವರು ನೋಡಿಕೊಳ್ಳುತ್ತಿದ್ದರು. ಅಮೆರಿಕದವರು ಆ ಬೆಂಚಿನ ಜಗಳವನ್ನೇ ಪ್ರಸಾರ ಮಾಡಿ ಅದರಿಂದ ಕೋಟಿಗಟ್ಟಲೆ ಡಾಲರ್ ಗಳಿಸಿದರು. ಇದು ಹೇಗೆ ಸಾಧ್ಯವಾಯಿತು ಎಂಬುದಕ್ಕೆ ಅಲ್ಲಿನವರ ಕ್ರೀಡಾಪ್ರೇಮವನ್ನು ಕಾರಣವಾಗಿ ಕೊಡುವುದು ವಾಡಿಕೆ. ನನಗೆ ಆ ವಿವರಣೆ ಸಾಲದು ಎನ್ನಿಸುತ್ತದೆ. ಕ್ರೀಡಾಪ್ರೇಮ ಅಲ್ಲಿ 1927ರಲ್ಲೂ ಇತ್ತು, 1957ರಲ್ಲೂ ಇತ್ತು. 1987ರ ಹೊತ್ತಿಗೆ ಹೊಸದಾಗಿ ಇದ್ದದ್ದು ಎಎಂ ರೇಡಿಯೊದ ಬಡತನ. ಆ ಬಡತನವನ್ನು ಅರ್ಥ ಮಾಡಿಕೊಳ್ಳದೆ ಈ ಹರಟೆಯ ಸ್ವಭಾವವಾಗಲಿ, ಅದರ ನೆನಪುಗಳಲ್ಲಿರುವ ಸಿಹಿಯಾಗಲಿ ಸರಿಯಾಗಿ ಅರ್ಥವಾಗುವುದಿಲ್ಲ.

ರೇಡಿಯೊದಲ್ಲಿ ಎಎಂ ಮತ್ತು ಎಫ್‌ಎಂ ಎಂದು ಕರೆಯುವುದು ಧ್ವನಿಯನ್ನು ಅಲೆಯ ಮೇಲೆ ಹೇರುವ ಎರಡು ಬಗೆಗಳನ್ನು. ಎಎಂನಲ್ಲಿ ಅಲೆಯ ಎತ್ತರ ಧ್ವನಿಗೆ ತಕ್ಕಂತೆ ಏರಿಳಿಯುತ್ತದೆ, ಎಫ್‌ಎಂನಲ್ಲಿ ಅಲೆಯ ಕಂಪನದ ವೇಗ ಹೆಚ್ಚುಕಡಿಮೆಯಾಗುತ್ತದೆ. ಸಿಡಿಲು, ಮೋಟರು, ಟ್ಯೂಬ್‌ಲೈಟು ಮೊದಲಾದವು ಹುಟ್ಟಿಸುವ ವಿದ್ಯುತ್ ಗದ್ದಲ ಅಲೆಯ ಎತ್ತರವನ್ನೇ ಕೆಡಿಸುವುದರಿಂದ ಎಎಂನಲ್ಲಿ ಕರಕರ ಸದ್ದು ತಪ್ಪಿದ್ದಲ್ಲ. ಅಮೆರಿಕದಲ್ಲಿ ಎಎಂ ಕೇಂದ್ರಗಳ ನಡುವಿನ ಅಂತರ 10 ಕಿಲೊಹರ್ಟ್ಸ್ ಮಾತ್ರವಾದರೆ, ಒಂದು ಎಫ್‌ಎಂ ಕೇಂದ್ರಕ್ಕೆ 200 ಕಿಲೊಹರ್ಟ್ಸ್‌ನ ವಿಶಾಲ ಜಾಗ ಸಿಗುತ್ತದೆ. ಹಾಡಿನ ಸೂಕ್ಷ್ಮಗಳೆಲ್ಲ ಅಲ್ಲಿ ನೆಮ್ಮದಿಯಾಗಿ ಕೂರುತ್ತವೆ. 1961ರಲ್ಲಿ ಎಫ್‌ಎಂಗೆ ಸ್ಟೀರಿಯೊ ಪ್ರಸಾರದ ಅನುಮತಿ ದೊರೆಯಿತು. ಕಾರುಗಳಲ್ಲೂ ಎಫ್‌ಎಂ ರೇಡಿಯೊ ಬಂದ ಮೇಲೆ, 1970ರ ದಶಕ ಮುಗಿಯುವಷ್ಟರಲ್ಲಿ, ಅಮೆರಿಕದ ಕೇಳುಗರಲ್ಲಿ ಹೆಚ್ಚಿನವರು ಸಂಗೀತಕ್ಕಾಗಿ ಎಫ್‌ಎಂ ಕಡೆಗೆ ಹೊರಟುಹೋಗಿದ್ದರು.

ಹೀಗೆ ಹಾಡು ಬಿಟ್ಟುಹೋದ ಎಎಂ ಕೇಂದ್ರಗಳ ಒಡೆಯರ ಕೈಯಲ್ಲಿ ಉಳಿದದ್ದು ಪರವಾನಗಿ, ಎತ್ತರದ ಗೋಪುರ ಮತ್ತು ದೂರ ಹೋಗುವ ಶಕ್ತಿ. ಮಾತಿಗೆ ಸ್ಟೀರಿಯೊ ಬೇಡ, ಕರಕರದ ನಡುವೆಯೂ ಮಾತು ತಿಳಿಯುತ್ತದೆ. ಆದ್ದರಿಂದ ಸುದ್ದಿ, ಧರ್ಮಬೋಧನೆ, ವೈದ್ಯರ ಸಲಹೆ, ರಾಜಕೀಯ ವಾಗ್ವಾದ ಹೀಗೆ ಮಾತಿನ ಬೇರೆಬೇರೆ ಬಗೆಗಳು ಒಂದೊಂದಾಗಿ ಎಎಂಗೆ ಬಂದು ಸೇರಿದವು. ಕ್ರೀಡಾ ಹರಟೆ ಆ ಸಾಲಿನಲ್ಲಿ ಸ್ವಲ್ಪ ತಡವಾಗಿ ಬಂದದ್ದು.

ತಡವಾಗಿ ಬಂದದ್ದು ಇಡೀ ದಿನದ ಕೇಂದ್ರ ಎಂಬ ರೂಪದಲ್ಲಿ ಮಾತ್ರ. ಸಂಜೆಯೋ ರಾತ್ರಿಯೋ ಒಂದೆರಡು ಗಂಟೆ ಅಭಿಮಾನಿಗಳ ಕರೆಗಳನ್ನು ತೆಗೆದುಕೊಳ್ಳುವ ಕಾರ್ಯಕ್ರಮಗಳು ಅದಕ್ಕೂ ಎರಡು ದಶಕಗಳ ಮುಂಚಿನಿಂದಲೇ ಇದ್ದವು. ನ್ಯೂಯಾರ್ಕ್‌ನ ಡಬ್ಲ್ಯುಎನ್‌ಬಿಸಿ ಕೇಂದ್ರದಲ್ಲಿ 1964ರಲ್ಲಿ ಬಿಲ್ ಮೇಜರ್ ಇಂಥ ಒಂದು ಕಾರ್ಯಕ್ರಮವನ್ನು ಆರಂಭಿಸಿದರು. ಹಳೆಯ ಪಂದ್ಯಗಳ ಅಂಕಿಅಂಶಗಳನ್ನು ಕೇಳಿದ ಕೂಡಲೇ ಹೇಳಬಲ್ಲ ಅವರ ಜ್ಞಾಪಕಶಕ್ತಿಯನ್ನು ಪರೀಕ್ಷಿಸುವುದೇ ಕೇಳುಗರಿಗೆ ಒಂದು ಆಟವಾಗಿತ್ತು. 1980ರ ದಶಕದಲ್ಲಿ ಅದೇ ನಗರದ ಡಬ್ಲ್ಯುಎಬಿಸಿಯಲ್ಲಿ ಆರ್ಟ್ ರಸ್ಟ್ ಜೂನಿಯರ್ ಕೂತರು. ಕಪ್ಪು ಜನಾಂಗದ ಕ್ರೀಡಾಪಟುಗಳ ಚರಿತ್ರೆಯನ್ನು ಆಳವಾಗಿ ಬಲ್ಲ, ತಾವೂ ಅದೇ ಜನಾಂಗದವರಾದ ರಸ್ಟ್ ಅವರ ಕಾರ್ಯಕ್ರಮದಲ್ಲಿ ಬಾಕ್ಸಿಂಗ್ ಮತ್ತು ಬೇಸ್‌ಬಾಲ್‌ನ ಹಳೆಯ ಕಥೆಗಳಿಗೆ ಬರವಿರಲಿಲ್ಲ.

ಬಾಸ್ಟನ್‌ನಲ್ಲಿ 1969ರಲ್ಲಿ ಎಡ್ಡಿ ಆಂಡೆಲ್ಮನ್, ಜಿಮ್ ಮೆಕಾರ್ತಿ ಮತ್ತು ಮಾರ್ಕ್ ವಿಟ್ಕಿನ್ ಎಂಬ ಮೂವರು ಗೆಳೆಯರು ‘ಸ್ಪೋರ್ಟ್ಸ್ ಹಡಲ್’ ಎಂಬ ಕಾರ್ಯಕ್ರಮವನ್ನು ಶುರು ಮಾಡಿದರು. ಪ್ರಸಾರವನ್ನು ವೃತ್ತಿಯಾಗಿ ಮಾಡಿಕೊಂಡವರ ಗಾಂಭೀರ್ಯ ಅವರಿಗೆ ಅಂಟಿರಲಿಲ್ಲ, ತಂಡಗಳ ಮಾಲೀಕರನ್ನು ಗೇಲಿ ಮಾಡಲು ಅವರು ಹಿಂಜರಿಯಲೂ ಇಲ್ಲ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಸರಿಯಾಗಿ ಚೆಂಡೊದೆಯುವವರೇ ಇಲ್ಲ, ಇಂಗ್ಲೆಂಡಿನ ಬೀದಿಗಳಲ್ಲಿ ಇವರಿಗಿಂತ ಚೆನ್ನಾಗಿ ಒದೆಯುವವರು ಸಿಗುತ್ತಾರೆ ಎಂದು ತಮಾಷೆಗೆ ಹೊರಟ ಮಾತು ಬೆಳೆದು ಇಂಗ್ಲೆಂಡಿನಲ್ಲಿ ನಿಜವಾಗಿಯೂ ಒಂದು ಸ್ಪರ್ಧೆ ನಡೆಯಿತು. ಅದರಲ್ಲಿ ಗೆದ್ದ ಮೈಕ್ ವಾಕರ್ 1972ರಲ್ಲಿ ಪೇಟ್ರಿಯಟ್ಸ್ ಪರವಾಗಿ ಆಡಿಯೂ ಆಡಿದರು. ಹರಟೆ ಮೈದಾನದೊಳಕ್ಕೆ ಕಾಲಿಟ್ಟ ಉದಾಹರಣೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದು.

ಆದರೆ ಮುಂದೆ ಬಂದವರೆಲ್ಲರಿಗೂ ಮೇಲ್ಪಂಕ್ತಿ ಹಾಕಿಕೊಟ್ಟವರು ಕ್ಲೀವ್‌ಲ್ಯಾಂಡ್‌ನ ಪೀಟ್ ಫ್ರಾಂಕ್ಲಿನ್. 1970ರ ದಶಕದ ಆರಂಭದಿಂದ 1987ರವರೆಗೆ ಅವರು ‘ಸ್ಪೋರ್ಟ್ಸ್‌ಲೈನ್’ ಎಂಬ ಕಾರ್ಯಕ್ರಮವನ್ನು ಡಬ್ಲ್ಯುಡಬ್ಲ್ಯುಡಬ್ಲ್ಯುಇ ಕೇಂದ್ರದಿಂದ ನಡೆಸಿದರು. ಕರೆ ಮಾಡಿದವನ ಮಾತು ಹಿಡಿಸದಿದ್ದರೆ ಮುಲಾಜಿಲ್ಲದೆ ದಡ್ಡನೆಂದು ಹೇಳಿ ಫೋನಿಡುವುದು ಅವರ ಪದ್ಧತಿ. ಶೌಚಾಲಯದಲ್ಲಿ ನೀರು ಬಿಟ್ಟ ಸದ್ದನ್ನು ಅದಕ್ಕೆ ಜೋಡಿಸುವುದೂ ಉಂಟು. ಬೈಸಿಕೊಳ್ಳುವುದು ಗೊತ್ತಿದ್ದೂ ಜನ ಕರೆ ಮಾಡಿದರು, ಬೈಗುಳವನ್ನು ಕೇಳುವುದಕ್ಕಾಗಿಯೇ ಇನ್ನಷ್ಟು ಜನ ರೇಡಿಯೊ ಹಚ್ಚಿದರು. 1100 ಕಿಲೊಹರ್ಟ್ಸ್‌ನಲ್ಲಿ 50,000 ವಾಟ್ ಶಕ್ತಿಯೊಂದಿಗೆ ಕೂಗುತ್ತಿದ್ದ ಆ ಕೇಂದ್ರ ತನ್ನ ದನಿ ಅಮೆರಿಕದ 38 ರಾಜ್ಯಗಳಿಗೂ ಅರ್ಧ ಕೆನಡಾಕ್ಕೂ ಮುಟ್ಟುತ್ತದೆ ಎಂದು ಜಂಬ ಕೊಚ್ಚಿಕೊಳ್ಳುತ್ತಿತ್ತು.

ಜಂಬದಲ್ಲಿ ಸತ್ಯವೂ ಇತ್ತು. ಹಗಲಿನಲ್ಲಿ ಎಎಂ ಅಲೆ ನೆಲಕ್ಕಂಟಿಕೊಂಡು ಸಾಗಿ ನೂರಿನ್ನೂರು ಕಿಲೊಮೀಟರ್ ದಾಟುವಷ್ಟರಲ್ಲಿ ಸೋಲುತ್ತದೆ. ಆಕಾಶಕ್ಕೆ ಏರಿದ ಅಲೆಯ ಭಾಗವನ್ನು, ಸುಮಾರು 60ರಿಂದ 90 ಕಿಲೊಮೀಟರ್ ಎತ್ತರದಲ್ಲಿ ಬಿಸಿಲಿನ ಪ್ರಭಾವದಿಂದ ವಿದ್ಯುದಾವೇಶ ಹೊಂದಿರುವ ವಾಯುಪದರ ಹೀರಿಕೊಂಡುಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿಹೋಗುವುದರಿಂದ ಅಲೆ ಇನ್ನೂ ಮೇಲಕ್ಕೇರಿ, ಅಲ್ಲಿ ರಾತ್ರಿಯೂ ಉಳಿಯುವ ಪದರಗಳಿಂದ ಬಾಗಿ, ಸಾವಿರಾರು ಕಿಲೊಮೀಟರ್ ಆಚೆ ಭೂಮಿಗೆ ಮರಳುತ್ತದೆ. ಎಎಂ ಕೇಂದ್ರಗಳಿರುವ ಮಧ್ಯಮ ತರಂಗದಲ್ಲಿ ರಾತ್ರಿ ಮುಳ್ಳನ್ನು ಮೆಲ್ಲಗೆ ತಿರುಗಿಸಿ ಹೊರರಾಜ್ಯಗಳ ಕೇಂದ್ರಗಳನ್ನು ಹಿಡಿಯುತ್ತಿದ್ದವರಿಗೆ ಇದರ ಅನುಭವ ಇದ್ದೇ ಇರುತ್ತದೆ. ಬೆಂಗಳೂರು ಆಕಾಶವಾಣಿಯ 612 ಕಿಲೊಹರ್ಟ್ಸ್ ಕೂಡ ಇದೇ ತರಂಗಪಟ್ಟಿಯದು.

ಕ್ಲೀವ್‌ಲ್ಯಾಂಡ್‌ನಲ್ಲಿ ಹುಟ್ಟಿ, ಕೆಲಸಕ್ಕಾಗಿ ಸಾವಿರ ಕಿಲೊಮೀಟರ್ ದೂರದ ಊರಿಗೆ ಹೋದವನೊಬ್ಬ ರಾತ್ರಿ ಕಾರಿನಲ್ಲಿ ಕೂತು, ತೇಲಿ ಮುಳುಗುವ ದನಿಯಲ್ಲಿ ತನ್ನ ತಂಡದ ನಿಂದೆಯನ್ನು ಕೇಳುವ ಅವಕಾಶ ಪಡೆದದ್ದು ಸೂರ್ಯಾಸ್ತದ ಈ ಭೌತವಿಜ್ಞಾನದಿಂದ. ಆ ಕಾಲವನ್ನು ನೆನೆಯುವವರ ಮಾತಿನಲ್ಲಿ ‘ರಾತ್ರಿ’ ಮತ್ತೆಮತ್ತೆ ಬರುವುದಕ್ಕೂ ಇದೇ ಕಾರಣ.

ಇಡೀ ದಿನದ ಕ್ರೀಡಾ ಪ್ರಸಾರಕ್ಕೆ ಮೊದಲು ಕೈಹಾಕಿದವರಿಗೆ ಕೈ ಸುಟ್ಟಿತು. ಇಎಸ್‌ಪಿಎನ್ ವಾಹಿನಿಯ ಸ್ಥಾಪಕರಲ್ಲಿ ಒಬ್ಬರಾದ ಸ್ಕಾಟ್ ರಾಸ್ಮುಸೆನ್ 1981ರ ಆರಂಭದಲ್ಲಿ ಎಂಟರ್‌ಪ್ರೈಸ್ ರೇಡಿಯೊ ಎಂಬ ರಾಷ್ಟ್ರವ್ಯಾಪಿ ಜಾಲವನ್ನು ಕಟ್ಟಿದರು. ಅದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮುಚ್ಚಿಹೋಯಿತು. ಆರು ವರ್ಷಗಳ ಮೇಲೆ ಇಂಡಿಯಾನಾಪೊಲಿಸ್‌ನ ಎಮ್ಮಿಸ್ ಕಂಪನಿಯ ಜೆಫ್ ಸ್ಮುಲಿಯನ್ ನ್ಯೂಯಾರ್ಕ್‌ನ 1050 ಕಿಲೊಹರ್ಟ್ಸ್‌ನಲ್ಲಿದ್ದ ಡಬ್ಲ್ಯುಎಚ್‌ಎನ್ ಎಂಬ ಕಂಟ್ರಿ ಸಂಗೀತದ ಕೇಂದ್ರವನ್ನು ಕ್ರೀಡಾ ಕೇಂದ್ರವನ್ನಾಗಿ ಬದಲಿಸಲು ಹೊರಟಾಗ ಹಲವರು ಬೇಡವೆಂದು ತಲೆಯಾಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಸ್ಮುಲಿಯನ್ ಅವರ ಧೈರ್ಯಕ್ಕೆ ಒಂದು ಆಧಾರವಿತ್ತು. ಮೆಟ್ಸ್ ಬೇಸ್‌ಬಾಲ್ ತಂಡದ ಪಂದ್ಯಗಳ ಪ್ರಸಾರದ ಹಕ್ಕು ಆ ಕೇಂದ್ರದಲ್ಲಿತ್ತು, ಮತ್ತು ಮೆಟ್ಸ್ ಹಿಂದಿನ ವರ್ಷವಷ್ಟೇ, ಅಂದರೆ 1986ರಲ್ಲಿ, ಬೇಸ್‌ಬಾಲ್‌ನ ವಾರ್ಷಿಕ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತ್ತು.

ಹೊಸ ಕೇಂದ್ರದಲ್ಲಿ ಮೊದಲು ಕೇಳಿಬಂದ ನೇರ ಧ್ವನಿ ಸೂಜಿನ್ ವಾಲ್ಡ್‌ಮನ್ ಎಂಬ ಮಹಿಳೆಯದು, ಅವರು ಓದಿದ್ದು ಕ್ರೀಡಾ ವಾರ್ತೆಯನ್ನು. ಗಂಟೆಗೆ ಹಲವು ಬಾರಿ ಬರುವ ಆ ಚುಟುಕು ವಾರ್ತೆಯ ಬೆಲೆ ಇಂದಿನವರಿಗೆ ತಿಳಿಯುವುದು ಕಷ್ಟ. ಪಶ್ಚಿಮ ಕರಾವಳಿಯಲ್ಲಿ ರಾತ್ರಿ ನಡೆಯುವ ಪಂದ್ಯ ಮುಗಿಯುವಾಗ ನ್ಯೂಯಾರ್ಕ್‌ನಲ್ಲಿ ನಡುರಾತ್ರಿ ಕಳೆದಿರುತ್ತಿತ್ತು, ಬೆಳಗಿನ ಪತ್ರಿಕೆಯ ಬಹಳಷ್ಟು ಪ್ರತಿಗಳು ಅಷ್ಟರಲ್ಲಿ ಅಚ್ಚಾಗಿರುತ್ತಿದ್ದವು. ಫಲಿತಾಂಶಕ್ಕಾಗಿ ಜನ ‘ಸ್ಪೋರ್ಟ್ಸ್ ಫೋನ್’ ಎಂಬ ಸೇವೆಯ 976-1313 ಸಂಖ್ಯೆಯನ್ನು ತಿರುಗಿಸಿ, ಶುಲ್ಕ ತೆತ್ತು, ಉಸಿರು ಬಿಡದೆ ಒದರಿದ ಧ್ವನಿಮುದ್ರಿತ ಅಂಕಗಳನ್ನು ಕೇಳಿಸಿಕೊಳ್ಳುತ್ತಿದ್ದ ಕಾಲ ಅದು. ಅಂಥವರಿಗೆ ಪುಕ್ಕಟೆಯಾಗಿ, ಅದೂ ಸ್ವಲ್ಪ ಸ್ವಲ್ಪ ಹೊತ್ತಿಗೇ, ಅಂಕಗಳು ಸಿಗತೊಡಗಿದವು. ಹರಟೆ ಬೇಡವೆಂದವರೂ ಅಂಕಕ್ಕಾಗಿ ಬಂದು ಹರಟೆಗೆ ಕಿವಿಗೊಟ್ಟು ಕೂತರು.

ಆದರೂ ಮೊದಲ ವರ್ಷ ನಷ್ಟದ್ದು. ಒಂದು ಕಾರಣ ತರಂಗದ್ದು. 1050 ಕಿಲೊಹರ್ಟ್ಸ್‌ನ ಮೇಲೆ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಮೆಕ್ಸಿಕೊಗೆ ಆದ್ಯತೆ ಇದ್ದುದರಿಂದ, ರಾತ್ರಿ ಅಲ್ಲಿನ ಕೇಂದ್ರಕ್ಕೆ ತೊಂದರೆಯಾಗದಂತೆ ನ್ಯೂಯಾರ್ಕ್‌ನ ಕೇಂದ್ರ ತನ್ನ ಅಲೆಯನ್ನು ಕೆಲವು ದಿಕ್ಕುಗಳಿಗೆ ಮಾತ್ರ ಬಿಡಬೇಕಾಗಿತ್ತು. ಇನ್ನೊಂದು ಕಾರಣ ಮನುಷ್ಯರದು. ದೇಶದ ಬೇರೆಬೇರೆ ಕಡೆಗಳಿಂದ ಹೆಸರಾಂತ ನಿರೂಪಕರನ್ನು ತಂದು ಕೂರಿಸಲಾಗಿತ್ತು. ಬೆಳಿಗ್ಗೆ ಟಿವಿಯಲ್ಲಿ ಹೆಸರು ಮಾಡಿದ್ದ ಗ್ರೆಗ್ ಗಂಬಲ್, ಮಧ್ಯಾಹ್ನದ ಮೇಲೆ ಕ್ಲೀವ್‌ಲ್ಯಾಂಡ್‌ನಿಂದ ಬಂದ ಅದೇ ಪೀಟ್ ಫ್ರಾಂಕ್ಲಿನ್. ಬೈಸಿಕೊಳ್ಳಲು ನ್ಯೂಯಾರ್ಕ್‌ನವರ ಅಭ್ಯಂತರವಿರಲಿಲ್ಲ, ಆದರೆ ಹೊರಗಿನವನಿಂದ ಬೈಸಿಕೊಳ್ಳಲು ಇತ್ತು.

1988ರ ಅಕ್ಟೋಬರ್ 7ರಂದು ತರಂಗದ ಸಮಸ್ಯೆ ಬಗೆಹರಿಯಿತು. ಎಮ್ಮಿಸ್ ಕಂಪನಿ ಎನ್‌ಬಿಸಿ ಪ್ರಸಾರ ಸಂಸ್ಥೆಯ ರೇಡಿಯೊ ಕೇಂದ್ರಗಳನ್ನು ಕೊಂಡು, ಡಬ್ಲ್ಯುಎನ್‌ಬಿಸಿಯನ್ನು ಮುಚ್ಚಿ, ಅದರ 660 ಕಿಲೊಹರ್ಟ್ಸ್‌ಗೆ ‘ದ ಫ್ಯಾನ್’ ಅನ್ನು ಸ್ಥಳಾಂತರಿಸಿತು. ಕಂಪನಸಂಖ್ಯೆ ಕಡಿಮೆಯಾದಷ್ಟೂ ನೆಲದಲೆ ದೂರ ಸಾಗುತ್ತದೆ, ಮೇಲಾಗಿ 660 ರಾತ್ರಿ ಹೊತ್ತು ಎಲ್ಲ ದಿಕ್ಕಿಗೂ ಪೂರ್ಣಶಕ್ತಿಯಿಂದ ಪ್ರಸಾರ ಮಾಡುವ ಹಕ್ಕುಳ್ಳ ತರಂಗ. ಆ ಕೇಂದ್ರದ ವಂಶಾವಳಿಯೂ ಕುತೂಹಲದ್ದು. ಅದರ ಪೂರ್ವಜವಾದ ಡಬ್ಲ್ಯುಇಎಎಫ್ 1922ರಲ್ಲಿ ಕ್ವೀನ್ಸ್ ಭಾಗದ ವಸತಿ ಸಮುಚ್ಚಯವೊಂದರ ಪರವಾಗಿ ಹಣ ಪಡೆದು ಮಾಡಿದ ಪ್ರಸಾರವನ್ನೇ ರೇಡಿಯೊ ಜಾಹೀರಾತಿನ ಆರಂಭವೆಂದು ಗುರುತಿಸುತ್ತಾರೆ. ಬಿಲ್ ಮೇಜರ್ 1964ರಲ್ಲಿ ಅಭಿಮಾನಿಗಳ ಕರೆ ತೆಗೆದುಕೊಂಡದ್ದೂ ಈ 660ರಲ್ಲಿಯೇ. ಜಾಹೀರಾತು ಮತ್ತು ಹರಟೆ ಎರಡಕ್ಕೂ ಅದು ತವರುಮನೆಯಾಗಿತ್ತು. ಅಲ್ಲಿ ಬೆಳಗಿನ ಕಾರ್ಯಕ್ರಮ ನಡೆಸುತ್ತಿದ್ದ ಡಾನ್ ಐಮಸ್ ಎಂಬ ಜನಪ್ರಿಯ ನಿರೂಪಕರೂ ತರಂಗದ ಜೊತೆಗೇ ಬಂದರು. ಅವರ ಮಾತಿಗೂ ಕ್ರೀಡೆಗೂ ಅಂಥ ಸಂಬಂಧವೇನೂ ಇರಲಿಲ್ಲ, ಅವರು ತಂದ ಜಾಹೀರಾತಿನ ಹಣ ಮಾತ್ರ ಉಳಿದ ಗಂಟೆಗಳ ಕ್ರೀಡಾ ಹರಟೆಯನ್ನು ಸಾಕಿತು.

ಮನುಷ್ಯರ ಸಮಸ್ಯೆ ಬಗೆಹರಿದದ್ದು 1989ರ ಸೆಪ್ಟೆಂಬರ್‌ನಲ್ಲಿ. ಫ್ರಾಂಕ್ಲಿನ್ ತೆರವು ಮಾಡಿದ ಮಧ್ಯಾಹ್ನದ ಜಾಗಕ್ಕೆ ಮೈಕ್ ಫ್ರಾಂಸೆಸಾ ಮತ್ತು ಕ್ರಿಸ್ ರುಸ್ಸೊ ಎಂಬ ಇಬ್ಬರು ಬಂದರು. ಇಬ್ಬರೂ ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡ್‌ನವರು, ಉಳಿದಂತೆ ಒಬ್ಬರಿಗೊಬ್ಬರು ಉತ್ತರ ದಕ್ಷಿಣ. ಸಿಬಿಎಸ್ ವಾಹಿನಿಯಲ್ಲಿ ತೆರೆಯ ಹಿಂದೆ ಅಂಕಿಅಂಶ ಒದಗಿಸುವ ಕೆಲಸ ಮಾಡಿದ್ದ ಫ್ರಾಂಸೆಸಾ ನ್ಯೂಯಾರ್ಕ್‌ನದೇ ಬೇಸ್‌ಬಾಲ್ ತಂಡವಾದ ಯಾಂಕೀಸ್‌ನ ಅಭಿಮಾನಿ, ನಿಧಾನವಾಗಿ ತೀರ್ಪು ಕೊಡುವ ನ್ಯಾಯಾಧೀಶರ ಧಾಟಿ. ‘ಮ್ಯಾಡ್ ಡಾಗ್’ ಎಂಬ ಅಡ್ಡಹೆಸರಿನ ರುಸ್ಸೊ ಊರಲ್ಲದ ಊರಿನ ಸ್ಯಾನ್ ಫ್ರಾನ್ಸಿಸ್ಕೊ ಜಯಂಟ್ಸ್ ಎಂಬ ಬೇಸ್‌ಬಾಲ್ ತಂಡದ ಅಭಿಮಾನಿ. ಕೀರಲು ದನಿ, ಮಾತಿನ ಮೇಲೆ ಮಾತು ಬಿದ್ದು ಪದಗಳ ಕೊನೆಯೇ ಕಾಣೆ. ಈ ಜೋಡಿ 2008ರ ಆಗಸ್ಟ್‌ವರೆಗೆ, ಸುಮಾರು 19 ವರ್ಷ, ಒಂದೇ ಮೇಜಿನ ಎರಡು ಬದಿಗೆ ಕೂತು ಜಗಳವಾಡಿತು. ಅವರಿಬ್ಬರ ನಡುವೆ ಮಾತೇ ನಿಂತುಹೋದ ದಿನಗಳೂ ಇದ್ದವು ಎನ್ನುವುದು ಅಲ್ಲಿ ಗುಟ್ಟಿನ ಸಂಗತಿಯಲ್ಲ. ಅಮೆರಿಕದ ಎಷ್ಟೋ ಕೇಂದ್ರಗಳಲ್ಲಿ ಮುಂದೆ ಬಂದ ಇಬ್ಬರು ನಿರೂಪಕರ ಕಾರ್ಯಕ್ರಮಗಳಿಗೆ, ಟಿವಿಯ ಕ್ರೀಡಾ ವಾಗ್ವಾದಗಳಿಗೆ, ಈ ಮೇಜಿನಿಂದಲೇ ಮಾದರಿ ಸಿಕ್ಕಿತು.

ಒಂದು ಕರೆ ರೇಡಿಯೊಗೆ ಬರುವ ಹಾದಿಯನ್ನು ಹತ್ತಿರದಿಂದ ನೋಡಿದರೆ ಹರಟೆ ಎಂಬುದು ಎಷ್ಟು ಕಟ್ಟುನಿಟ್ಟಿನ ಕೆಲಸವಾಗಿತ್ತು ಎಂಬುದು ತಿಳಿಯುತ್ತದೆ. ಕರೆಯನ್ನು ಮೊದಲು ಎತ್ತಿಕೊಳ್ಳುವುದು ನಿರೂಪಕರಲ್ಲ, ಗಾಜಿನ ಆಚೆ ಕೂತ ಸಹಾಯಕ. ಹೆಸರೇನು, ಯಾವ ಬಡಾವಣೆ, ಏನು ಹೇಳುವುದಿದೆ ಎಂಬ ಮೂರು ಪ್ರಶ್ನೆ ಕೇಳಿ, ಉತ್ತರ ಚುರುಕಾಗಿದ್ದರೆ ಸಾಲಿನಲ್ಲಿ ನಿಲ್ಲಿಸಿ, ಚೀಟಿಯಲ್ಲಿ ಬರೆದು ನಿರೂಪಕರಿಗೆ ತೋರಿಸುತ್ತಿದ್ದ. ಮುಂದೆ ಆ ಚೀಟಿಯ ಜಾಗಕ್ಕೆ ಕಂಪ್ಯೂಟರ್ ಪರದೆ ಬಂತು. ಕುಡಿದವರು, ಬರೆದುಕೊಂಡದ್ದನ್ನು ಓದುವವರು, ನಿನ್ನೆಯೂ ಬಂದು ಹೋದವರು ಇಲ್ಲೇ ಸೋಸಿಹೋಗುತ್ತಿದ್ದರು. ಉಳಿದವರು ಅರ್ಧ ಗಂಟೆ, ಒಂದು ಗಂಟೆ ಕಿವಿಗೆ ರಿಸೀವರ್ ಒತ್ತಿಕೊಂಡು ಕಾಯುತ್ತಿದ್ದರು. ಆ ಕಾಯುವಿಕೆಯಲ್ಲಿ ಹೇಳಬೇಕಾದ ಮಾತನ್ನು ನೂರು ಬಾರಿ ಮನಸ್ಸಿನಲ್ಲೇ ತಿದ್ದಿ ಹುರಿಗೊಳಿಸಿಕೊಂಡಿರುತ್ತಿದ್ದುದರಿಂದಲೇ, ಆ ಕಾಲದ ಧ್ವನಿಮುದ್ರಿಕೆಗಳಲ್ಲಿ ಸಾಧಾರಣ ಜನರ ವಾದಗಳು ಅಷ್ಟು ಅಚ್ಚುಕಟ್ಟಾಗಿ ಕೇಳಿಸುತ್ತವೆ ಎಂದು ನಾನು ಭಾವಿಸುತ್ತೇನೆ.

ಸರದಿ ಬಂದಾಗ ನಿರೂಪಕರು ಮೊದಲ ಹೆಸರು ಮತ್ತು ಊರು ಹೇಳಿ ಕರೆಯುತ್ತಿದ್ದರು. ‘ಫಸ್ಟ್ ಟೈಮ್, ಲಾಂಗ್ ಟೈಮ್’ ಎಂದು ಕರೆ ಮಾಡಿದಾತ ಶುರು ಮಾಡುತ್ತಿದ್ದ. ಬಹುಕಾಲದಿಂದ ಕೇಳುತ್ತಿದ್ದೇನೆ, ಕರೆ ಮಾಡುತ್ತಿರುವುದು ಇದೇ ಮೊದಲು ಎಂಬ ಆ ವಿನಯದ ಪೀಠಿಕೆ ಒಂದು ಶಿಷ್ಟಾಚಾರವೇ ಆಗಿಹೋಗಿತ್ತು. ನಿರೂಪಕರ ಬಾಯಲ್ಲಿ ಮೊದಲು ಬರುತ್ತಿದ್ದುದು ಬಹಳ ಸಲ ‘ನಿಮ್ಮ ರೇಡಿಯೊದ ದನಿ ಕಡಿಮೆ ಮಾಡಿ’ ಎಂಬ ಆಜ್ಞೆ. ಯಾಕೆಂದರೆ ಪ್ರಸಾರ ಕೆಲವು ಸೆಕೆಂಡು ತಡವಾಗಿ ಹೊರಹೋಗುತ್ತಿತ್ತು. ಬಾಯಿತಪ್ಪಿ ಬಂದ ಅಶ್ಲೀಲ ಮಾತಿಗೆ ಕೇಂದ್ರ ದಂಡ ತೆರಬೇಕಾಗುವುದರಿಂದ, ಅದನ್ನು ತಡೆಯಲು ಏಳು ಸೆಕೆಂಡಿನ ಬಿಡುವು ಇಟ್ಟುಕೊಳ್ಳುವುದು ರೂಢಿ. ಹಿಂದಿನ ದಿನಗಳಲ್ಲಿ ಇದನ್ನು ಟೇಪಿನ ಉದ್ದದಿಂದಲೇ ಸಾಧಿಸುತ್ತಿದ್ದರು. ಸೆಕೆಂಡಿಗೆ ಏಳೂವರೆ ಇಂಚು ಓಡುವ ಟೇಪು ಧ್ವನಿಯನ್ನು ಬರೆಯುವ ತಲೆಯಿಂದ (ಟೇಪ್ ಹೆಡ್) ಓದುವ ತಲೆಯನ್ನು ತಲುಪುವ ದಾರಿಯನ್ನು ಉರುಳೆಗಳ ಮೇಲೆ ಸುತ್ತಿಸಿ ಐವತ್ತೆರಡೂವರೆ ಇಂಚಿಗೆ ಹಿಗ್ಗಿಸಿದರೆ, ಏಳು ಸೆಕೆಂಡು ಸಿಕ್ಕಿತು. 1970ರ ದಶಕದ ಕೊನೆಯಿಂದ ಈ ಕೆಲಸವನ್ನು ಡಿಜಿಟಲ್ ಯಂತ್ರಗಳು ವಹಿಸಿಕೊಂಡವು. ಕೆಟ್ಟ ಮಾತು ಬಂದರೆ ತಂತ್ರಜ್ಞ ಒಂದು ಗುಂಡಿ ಒತ್ತುತ್ತಾನೆ, ಆ ಏಳು ಸೆಕೆಂಡು ಅಳಿಸಿಹೋಗುತ್ತದೆ. ಕರೆ ಮಾಡಿದಾತನ ಮನೆಯಲ್ಲಿ ರೇಡಿಯೊ ಜೋರಾಗಿದ್ದರೆ ಏಳು ಸೆಕೆಂಡಿನ ಹಿಂದಿನ ತನ್ನದೇ ಮಾತು ಕಿವಿಗೆ ಬಿದ್ದು ಅವನು ತೊದಲತೊಡಗುತ್ತಾನೆ. ಕೊನೆಗೆ ‘ಫೋನಿಟ್ಟು ಕೇಳುತ್ತೇನೆ’ ಎಂದು ಹೇಳಿ ಹೊರಟುಹೋಗುವುದು ಮರ್ಯಾದೆ. ಆಮೇಲೆ ಅವನಿಗೆ ಉತ್ತರ ಕೊಡುವ ಹಕ್ಕಿಲ್ಲ. ನಿರೂಪಕರೇ ಗೆಲ್ಲುವಂತೆ ಕಟ್ಟಿದ ಆಟವಿದು, ಆದರೂ ಜನ ಆಡಿದರು.

ಮಧ್ಯರಾತ್ರಿಯ ಪಾಳಿಯದು ಬೇರೆಯೇ ಲೋಕ. ಸ್ಟೀವ್ ಸೋಮರ್ಸ್ ಎಂಬ ನಿರೂಪಕರು 1987ರಿಂದಲೇ ಆ ಕೇಂದ್ರದಲ್ಲಿದ್ದು 2021ರಲ್ಲಿ ನಿವೃತ್ತರಾದರು. ಕೈಬರಹದಲ್ಲಿ ಬರೆದು ತಂದ ಪ್ರಸ್ತಾವನೆಯನ್ನು ಪಿಸುಮಾತಿನ ಹತ್ತಿರದ ದನಿಯಲ್ಲಿ ಓದಿ ಅವರು ಪಾಳಿ ಶುರು ಮಾಡುತ್ತಿದ್ದರು. ಕೂಗಾಟ ಅವರಿಗೆ ಒಗ್ಗದು. ಟ್ಯಾಕ್ಸಿ ಚಾಲಕರು, ಕಾವಲುಗಾರರು, ನಿದ್ದೆ ಬಾರದವರು, ಹೊದಿಕೆಯೊಳಗೆ ಪುಟ್ಟ ಟ್ರಾನ್ಸಿಸ್ಟರ್ ಇಟ್ಟುಕೊಂಡು ಮಲಗಿದ ಶಾಲಾಮಕ್ಕಳು ಅವರ ಕೇಳುಗರು. ಅದೇ ಹೊತ್ತಿಗೆ ಮತ್ತೆಮತ್ತೆ ಕರೆ ಮಾಡುತ್ತಿದ್ದ ಕೆಲವರು ನಿರೂಪಕರಷ್ಟೇ ಪ್ರಸಿದ್ಧರಾದರು. ಅವರ ಮುಖವನ್ನು ಯಾರೂ ಕಂಡಿರಲಿಲ್ಲ. ಒಂದು ವಾರ ಅವರ ಕರೆ ಬರದಿದ್ದರೆ ಉಳಿದ ಕೇಳುಗರು ಏನಾಯಿತೋ ಎಂದು ವಿಚಾರಿಸುತ್ತಿದ್ದರು.

ಇದರಿಂದ ಹಣ ಹೇಗೆ ಹುಟ್ಟಿತು ಎಂಬುದನ್ನೂ ಹೇಳಬೇಕು. ಒಟ್ಟು ಕೇಳುಗರ ಲೆಕ್ಕದಲ್ಲಿ ಕ್ರೀಡಾ ಕೇಂದ್ರಗಳು ಹಾಡಿನ ಎಫ್‌ಎಂ ಕೇಂದ್ರಗಳಿಗೆ ಸಾಟಿಯಾಗಿರಲಿಲ್ಲ. ಆದರೆ ಆ ಕೇಳುಗರಲ್ಲಿ ಬಹುಪಾಲು 25ರಿಂದ 54 ವಯಸ್ಸಿನ ಗಂಡಸರು, ಕಾರು, ಬಿಯರ್, ವಿಮೆ ಮಾರುವವರಿಗೆ ಬೇಕಾದವರು ನಿಖರವಾಗಿ ಇವರೇ. ಮೇಲಾಗಿ ಹಾಡು ಬದಲಾದರೆ ಕೇಂದ್ರವನ್ನೂ ಬದಲಿಸುವ ಚಂಚಲರು ಇವರಲ್ಲ. ಆಗ ಅಮೆರಿಕದಲ್ಲಿ ಕೇಳುಗರನ್ನು ಎಣಿಸುತ್ತಿದ್ದ ಆರ್ಬಿಟ್ರಾನ್ ಸಂಸ್ಥೆ ಆಯ್ದ ಮನೆಗಳಿಗೆ ಪುಟ್ಟ ದಿನಚರಿ ಪುಸ್ತಕ ಕಳಿಸಿ ವಾರವಿಡೀ ಕೇಳಿದ್ದನ್ನು ಬರೆಸುತ್ತಿತ್ತು. ಕಾಲು ಗಂಟೆಯ ಅವಧಿಯಲ್ಲಿ ಕನಿಷ್ಠ ಐದು ನಿಮಿಷ ಕೇಳಿದ್ದರೆ ಆ ಕಾಲು ಗಂಟೆ ಕೇಂದ್ರದ ಖಾತೆಗೆ ಜಮೆ. ಹಾಗಾಗಿ ಬಿಸಿ ವಿಷಯವೊಂದನ್ನು ಎತ್ತಿ, ಉತ್ತರ ಹೇಳುವ ಮೊದಲು ಜಾಹೀರಾತಿಗೆ ಹೋಗಿ, ಮುಂದಿನ ಕಾಲು ಗಂಟೆಯೊಳಗೆ ಕೇಳುಗನನ್ನು ಎಳೆದು ತರುವ ಕಲೆ ಬೆಳೆಯಿತು. ಇಂದಿನ ಟಿವಿ ಚರ್ಚೆಗಳಲ್ಲಿ ನಮ್ಮನ್ನು ರೇಗಿಸುವ ‘ಬ್ರೇಕ್ ನಂತರ’ ಎಂಬ ತಂತ್ರದಲ್ಲಿ ಈ ಲೆಕ್ಕದ ಸಂಬಂಧಿಕರನ್ನು ಗುರುತಿಸಬಹುದು. ಈ ಎಲ್ಲದರ ಫಲವಾಗಿ, ಆರಂಭದಲ್ಲಿ ನಗೆಗೀಡಾಗಿದ್ದ ‘ದ ಫ್ಯಾನ್’ 1992ರಲ್ಲಿ 7 ಕೋಟಿ ಡಾಲರಿಗೆ ಇನ್ಫಿನಿಟಿ ಕಂಪನಿಗೆ ಮಾರಾಟವಾಯಿತು. ಒಂಟಿ ಎಎಂ ಕೇಂದ್ರವೊಂದಕ್ಕೆ ಅಷ್ಟು ದೊಡ್ಡ ಬೆಲೆ ಅದುವರೆಗೆ ಸಿಕ್ಕಿರಲಿಲ್ಲ.

ಲಾಭ ಕಂಡ ಮೇಲೆ ಅನುಕರಣೆ ತಡವಾಗಲಿಲ್ಲ. 1991ರಲ್ಲಿ ಬಾಸ್ಟನ್‌ನ ಡಬ್ಲ್ಯುಇಇಐ ಪೂರ್ಣ ಕ್ರೀಡಾ ಕೇಂದ್ರವಾಯಿತು. ಅದೇ ವರ್ಷ ಬ್ರಿಟನ್ನಿನ ಬಿಬಿಸಿ ರೇಡಿಯೊ 5ರಲ್ಲಿ ಡ್ಯಾನಿ ಬೇಕರ್ ‘606’ ಎಂಬ ಫುಟ್‌ಬಾಲ್ ಕರೆ ಕಾರ್ಯಕ್ರಮ ಆರಂಭಿಸಿದರು, ಸಂಜೆ 6 ಗಂಟೆ 6 ನಿಮಿಷಕ್ಕೆ. ಹರಟೆಯ ಕಾವು ಎಲ್ಲಿಯವರೆಗೆ ಏರಬಹುದೆಂಬುದನ್ನು ತೋರಿಸಿದ್ದು ಫಿಲಡೆಲ್ಫಿಯಾ. 1999ರ ಏಪ್ರಿಲ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸಮಾರಂಭ ನ್ಯೂಯಾರ್ಕ್‌ನಲ್ಲಿ ನಡೆದಾಗ, ಫಿಲಡೆಲ್ಫಿಯಾದ ಕ್ರೀಡಾ ಕೇಂದ್ರ ಡಬ್ಲ್ಯುಐಪಿಯ ನಿರೂಪಕ ಆಂಜೆಲೊ ಕಟಾಲ್ಡಿ ಸುಮಾರು ಮೂವತ್ತು ಕಟ್ಟಾ ಅಭಿಮಾನಿಗಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದರು. ವಾರಗಟ್ಟಲೆ ರೇಡಿಯೊದಲ್ಲಿ ಚರ್ಚಿಸಿ ಅವರೆಲ್ಲ ತಮ್ಮ ತಂಡಕ್ಕೆ ರಿಕಿ ವಿಲಿಯಮ್ಸ್ ಎಂಬ ಆಟಗಾರ ಬೇಕೆಂದು ತೀರ್ಮಾನಿಸಿದ್ದರು. ಫಿಲಡೆಲ್ಫಿಯಾದ ಈಗಲ್ಸ್ ತಂಡ ಡಾನವನ್ ಮೆಕ್‌ನ್ಯಾಬ್ ಹೆಸರನ್ನು ಕೂಗಿತು. ಜೀವನದ ಅತಿ ದೊಡ್ಡ ಗಳಿಗೆಯಲ್ಲಿ ವೇದಿಕೆ ಏರಿದ ಆ ಹುಡುಗನನ್ನು ತನ್ನದೇ ಊರಿನವರಾಗಬೇಕಿದ್ದವರು ಹೋ ಎಂದು ಕೂಗಿ ಅವಮಾನಿಸಿದರು. ಮುಂದೆ ಮೆಕ್‌ನ್ಯಾಬ್ ಅದೇ ತಂಡವನ್ನು ಆ ಆಟದ ಅಂತಿಮ ಪಂದ್ಯವಾದ ಸೂಪರ್ ಬೌಲ್‌ವರೆಗೆ ಕೊಂಡೊಯ್ದರು. ಆ ಕೂಗು ಅಷ್ಟರಲ್ಲಿ ನಗರದ ದಾಖಲೆಗೆ ಸೇರಿಹೋಗಿತ್ತು.

ಹಳೆಯ ದಿನಗಳನ್ನು ಮೆಚ್ಚಿ ಮಾತಾಡುವವರು ಇಂಥ ಪ್ರಸಂಗಗಳನ್ನು ತಮಾಷೆಯ ಲೆಕ್ಕಕ್ಕೆ ಸೇರಿಸುತ್ತಾರೆ. ಸೂಜಿನ್ ವಾಲ್ಡ್‌ಮನ್ ಅವರ ಅನುಭವವನ್ನು ಕೇಳಿದವರು ಹಾಗೆ ಮಾಡಲಾರರು. ಗಂಡಸರ ಕೋಟೆಯೆಂದೇ ಭಾವಿಸಲಾಗಿದ್ದ ಆ ಜಾಗದಲ್ಲಿ ಅವರು ಆರಂಭದ ವರ್ಷಗಳಲ್ಲಿ ಸಹೋದ್ಯೋಗಿಗಳಿಂದಲೂ ಕೇಳುಗರಿಂದಲೂ ಸಾಕಷ್ಟು ಹಗೆಯನ್ನು ಎದುರಿಸಬೇಕಾಯಿತು. ಅವರು ಹಟ ಬಿಡದೆ ಉಳಿದು 2005ರಿಂದ ಯಾಂಕೀಸ್ ಪಂದ್ಯಗಳ ರೇಡಿಯೊ ವಿವರಣೆಗಾರ್ತಿಯಾದರು. ಇನ್ನು ಡಾನ್ ಐಮಸ್ ಅವರನ್ನು, ರಟ್ಗರ್ಸ್ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿಯರ ಬಗ್ಗೆ ಆಡಿದ ಜನಾಂಗನಿಂದಕ ಮಾತಿಗಾಗಿ 2007ರ ಏಪ್ರಿಲ್‌ನಲ್ಲಿ ಕೆಲಸದಿಂದ ತೆಗೆಯಲಾಯಿತು. ಕೇಂದ್ರವನ್ನು ಉಳಿಸಿದ್ದೂ ಆ ನಾಲಿಗೆಯೇ, ತಲೆ ತಗ್ಗಿಸುವಂತೆ ಮಾಡಿದ್ದೂ ಆ ನಾಲಿಗೆಯೇ. ಏಳು ಸೆಕೆಂಡಿನ ಗುಂಡಿ ಕರೆ ಮಾಡಿದವರ ಬಾಯಿಗಷ್ಟೇ ಬೀಗವಾಗಿತ್ತು.

ಭಾರತದಲ್ಲಿ ಇಂಥ ಕೇಂದ್ರ ಬೇರೂರದೆ ಇದ್ದುದಕ್ಕೆ ಅಭಿಮಾನದ ಕೊರತೆ ಕಾರಣವಲ್ಲ. ಇಲ್ಲಿ ತರಂಗಗಳ ಮೇಲೆ ಬಹುಕಾಲ ಸರ್ಕಾರದ್ದೇ ಒಡೆತನವಿತ್ತು. ಆ ಒಡೆತನವನ್ನು ಸಡಿಲಿಸಿದ್ದು ಒಂದು ಕ್ರಿಕೆಟ್ ಮೊಕದ್ದಮೆ ಎಂಬುದು ಸ್ವಾರಸ್ಯ. 1993ರ ಹೀರೊ ಕಪ್ ಪಂದ್ಯಗಳ ಟಿವಿ ಪ್ರಸಾರದ ಬಗ್ಗೆ ಬಂಗಾಳ ಕ್ರಿಕೆಟ್ ಸಂಸ್ಥೆ ಮತ್ತು ಕೇಂದ್ರ ಸರ್ಕಾರದ ನಡುವೆ ಎದ್ದ ವ್ಯಾಜ್ಯದಲ್ಲಿ, ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರುವರಿಯಲ್ಲಿ ತೀರ್ಪಿತ್ತಿತು. 2001ರ ಜುಲೈನಲ್ಲಿ ಬೆಂಗಳೂರಿನಲ್ಲಿ ರೇಡಿಯೊ ಸಿಟಿ ಆರಂಭವಾಗುವುದರೊಂದಿಗೆ ಖಾಸಗಿ ಎಫ್‌ಎಂ ಯುಗ ತೆರೆಯಿತು. ಆದರೆ ಖಾಸಗಿ ಕೇಂದ್ರಗಳಿಗೆ ಸುದ್ದಿ ಮತ್ತು ಪ್ರಚಲಿತ ವಿದ್ಯಮಾನಗಳ ಪ್ರಸಾರವನ್ನು ನಿಷೇಧಿಸಲಾಗಿತ್ತು. ಕ್ರೀಡೆಯ ಕುರಿತ ಮಾಹಿತಿಯನ್ನು ಆ ನಿಷೇಧದಿಂದ ಹೊರಗಿಟ್ಟದ್ದು 2011ರ ನೀತಿಯಲ್ಲಿ, ಅದೂ ನೇರ ಪ್ರಸಾರವನ್ನು ಬಿಟ್ಟು. ಅಷ್ಟರಲ್ಲಿ ಜಗಳವಾಡಲು ಜನರ ಕೈಗೆ ಮೊಬೈಲು ಬಂದಿತ್ತು. ಅಮೆರಿಕದಲ್ಲಿ ಎಎಂ ತಬ್ಬಲಿಯಾದಾಗ ಖಾಸಗಿ ಒಡೆಯರು ಏನಾದರೂ ಮಾಡಿ ಅದರಿಂದ ದುಡಿಯಲೇಬೇಕಾಗಿತ್ತು. ನಮ್ಮ ಮಧ್ಯಮ ತರಂಗದ ಕೇಂದ್ರಗಳಿಗೆ ಅಂಥ ಒತ್ತಡ ಇರಲಿಲ್ಲ.

ಇತ್ತ ಅಮೆರಿಕದಲ್ಲಿ, ಎಎಂನ ಬಡತನದಿಂದ ಹುಟ್ಟಿದ ಹರಟೆ ತಾನು ಶ್ರೀಮಂತವಾದ ಮೇಲೆ ಎಎಂ ಅನ್ನು ಬಿಟ್ಟು ಹೊರಡತೊಡಗಿದೆ. 2012ರ ನವೆಂಬರ್‌ನಿಂದ ‘ದ ಫ್ಯಾನ್’ 101.9 ಎಫ್‌ಎಂನಲ್ಲೂ ಕೇಳಿಸುತ್ತಿದೆ. ರುಸ್ಸೊ 2008ರಲ್ಲೇ ಉಪಗ್ರಹ ರೇಡಿಯೊಗೆ ಹೋದರು. ವಿದ್ಯುತ್ ಕಾರುಗಳ ಮೋಟರಿನ ವಿದ್ಯುತ್ ಗದ್ದಲ ಎಎಂ ಪಟ್ಟಿಯ ಮೇಲೆಯೇ ಬೀಳುವುದರಿಂದ ಕೆಲವು ತಯಾರಕರು ತಮ್ಮ ಕಾರುಗಳಿಂದ ಎಎಂ ರೇಡಿಯೊವನ್ನು ತೆಗೆದುಹಾಕಿದ್ದಾರೆ, ಅದನ್ನು ಪ್ರತಿ ವಾಹನದಲ್ಲೂ ಕಡ್ಡಾಯ ಮಾಡುವ ಮಸೂದೆ 2023ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ಮಂಡನೆಯಾಯಿತು. ಅದರ ಪರ ವಾದಿಸುವವರು ಮುಖ್ಯವಾಗಿ ಮುಂದಿಡುವುದು ಚಂಡಮಾರುತ, ಕಾಳ್ಗಿಚ್ಚಿನಂಥ ವಿಪತ್ತುಗಳ ಮುನ್ಸೂಚನೆಯ ಅಗತ್ಯವನ್ನು ಮತ್ತು ಹಳ್ಳಿಗಾಡಿನ ಕೇಳುಗರ ಅನುಕೂಲವನ್ನು.